ಒಬ್ಬನ ಕೋಣೆಗೆ ಮೂರು ಲೋಟ ಕಾಫಿ

ಬಾಗಿಲು ತೆರೆದರೆ ಮನೆ ಓನರ್ ಆಂಟಿ ಮೂರು ಲೋಟ ಕಾಫಿ ಹಿಡಿದು ನಿಂತಿದ್ದರು. "ಯಾರೋ ನೆಂಟ್ರು ಬಂದಿದಾರಲ್ಲ, ಹೆಂಗಸರ ದನಿನೂ ಕೇಳ್ತು" ಎನ್ನುತ್ತಾ ಒಳಗೆ ಇಣುಕಿದರು.

ಸೊರಬದ ಆ ಬಾಡಿಗೆ ಕೋಣೆಯಲ್ಲಿದ್ದವನು ನಾನೊಬ್ಬನೇ. ಸಿಹಿಗುಂಬಳದ ಹೋಳುಗಳಿಗೆ ಎಣ್ಣೆ, ಕಾಳುಮೆಣಸಿನ ಪುಡಿ ಸವರಿ ಓವನ್ನಿನಲ್ಲಿಟ್ಟು, ಮೊಬೈಲಿನಲ್ಲಿ ಡಾಲರ್ ವ್ಯಾಪಾರದ ಮೊದಲ ಪಾಠ ಕೇಳುತ್ತಿದ್ದೆ. ಬೇಜಾರಾಗಿ ಆ ಪಾಠದ ಮೇಷ್ಟರ ದನಿ ಅಣಕಿಸಿ ಪಾಠ ಹೇಳಿ, ಆಂಟಿಯ ದನಿಯಲ್ಲಿ "ಅಲ್ಲಾ ಮಾರಾಯ, ಡಾಲರ್ ಏರಿದ್ರೆ ನಂಗೇನು?" ಎಂದು ಕೇಳಿದ್ದೆ. ಮೂರನೆಯ ಪಾತ್ರವಾದ ದಡ್ಡ ಶಿಷ್ಯನಿಗೆ ನನ್ನ ದನಿಯೇ ಸಾಕಿತ್ತು.

"ಎಲ್ಲಾ ನಾನೇ ಆಂಟಿ. ಆ ಹೆಂಗಸು ನೀವು" ಎಂದು ಬೈಗುಳಕ್ಕೆ ಕಾದೆ. ಅವರು ಕೂತುಬಿಟ್ಟರು. "ಹಂಗಾರೆ ನಾನು ಆಗ್ಲೇ ಬಂದಾಗಿದೆ, ಬಡಿಸು."

ಅವರು ಹೋದ ಮೇಲೆ ಖಾಲಿ ಕೋಣೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಅಂದಿನಿಂದ ಸಂಜೆ ಅಡುಗೆ ಮಾಡುವಾಗ ಬಾಗಿಲಿಗೆ ಅಗಳಿ ಹಾಕುವುದಿಲ್ಲ.