ಶಿವಲಿಂಗಮ್ಮನ ಭುಜದ ಕೆಲಸ

ಮರಳವಾಡಿಯ ಶಿವಲಿಂಗಮ್ಮನ ಮನೆಯಲ್ಲಿ ಯಾರು ಹಾಸಿಗೆ ಹಿಡಿದರೂ ಕೆಲಸ ನಿಲ್ಲುತ್ತಿರಲಿಲ್ಲ. ರೇಷ್ಮೆ ಹುಳು ಯಾರ ಕಾಯಿಲೆಗೂ ಕಾಯುವುದಿಲ್ಲವಲ್ಲ. ಮಲಗಿದವರ ಪಾಲಿನ ಸೊಪ್ಪು ಕೊಯ್ಯುವುದನ್ನು, ಹುಳುವಿನ ಮನೆ ಗುಡಿಸುವುದನ್ನು ಆಕೆ ಎದ್ದು ಓಡಾಡುವವರಿಗೆ ಹಂಚಿಬಿಡುತ್ತಿದ್ದಳು. ನಲವತ್ತು ವರ್ಷ ಹೀಗೆ ನಡೆಸಿದ ಮೇಲೆ ಆಕೆಯ ಬಲಭುಜವೇ ಹಿಡಿದುಕೊಂಡಿತು.

ಕನಕಪುರದ ಫಿಸಿಯೋಥೆರಪಿಗೆ ಹೋದರೆ ಒಂದು ಸೂಜಿ, ನಾಲ್ಕು ಮಾತ್ರೆ, ಒಂದಿಷ್ಟು ಎಣ್ಣೆ ನೀವುವುದು ಇರುತ್ತದೆಂದು ಅಂದುಕೊಂಡಿದ್ದಳು. ಅಲ್ಲಿದ್ದ ಭಾನುಪ್ರಿಯ ಎಂಬ ಹುಡುಗಿ ಭುಜಕ್ಕೆ ಶಾಖ ಕೊಟ್ಟು, ಗೋಡೆಯ ಮೇಲೆ ಹುಳು ಹರಿದ ಹಾಗೆ ಬೆರಳುಗಳನ್ನು ಹತ್ತಿಸಲು ಹೇಳಿದಳು.

"ಒಸಿ ನೋವಾಯ್ತದೆ, ಬಿಡ್ಬಾರ್ದು. ಮನೇಲೂ ಬೆಳಿಗ್ಗೆ ಹತ್ತು ಸಲ, ಸಾಯಂಕಾಲ ಹತ್ತು ಸಲ ಇದನ್ನೇ ಮಾಡ್ಬೇಕು ಅಜ್ಜಿ."

ನೋವೆಂದು ಬಂದವರಿಗೆ ಕೆಲಸ ಹೇಳಿ ಕಳಿಸುವ ಇಂಥ ಜಾಗವನ್ನು ಶಿವಲಿಂಗಮ್ಮ ಕಂಡಿರಲಿಲ್ಲ. ಆದರೂ ಹೇಳಿದ ಕೆಲಸವನ್ನು ಬಾಕಿ ಉಳಿಸುವವಳು ಆಕೆಯಲ್ಲ. ಮುಂದಿನ ವಾರ ಗಂಡ ಮುನಿಯಪ್ಪನನ್ನೂ ಕರೆದುಕೊಂಡೇ ಹೋದಳು.

"ದಿನಾ ಮಾಡಿದ್ರಾ ಅಜ್ಜಿ?" ಎಂದು ಭಾನುಪ್ರಿಯ ಕೇಳಿದಳು.

"ಒಂದೊತ್ತೂ ತಪ್ಸಿಲ್ಲ ಕಣವ್ವ. ಗೋಡೆ ಸುಣ್ಣ ಎಲ್ಲ ಕಿತ್ತೋಗೈತೆ."

"ಹಂಗಾದ್ರೆ ಕೈ ಎತ್ತಿ, ನೋಡಾನ."

ಶಿವಲಿಂಗಮ್ಮ ಗಂಡನಿಗೆ ಕಣ್ಸನ್ನೆ ಮಾಡಿದಳು. ಮುನಿಯಪ್ಪ ಎದ್ದು ನಿಂತು, ಬಲಗೈಯನ್ನು ಕಿವಿಗೆ ತಾಗಿಸಿ ಸೂರಿನ ಕಡೆ ನೆಟ್ಟಗೆ ಎತ್ತಿದ.

"ನನ್ ಕೈಲಿ ಆಗಲ್ವಲ್ಲ, ಅದ್ಕೇ ಇವ್ರ ಕೈಲಿ ಮಾಡಿಸ್ದೆ," ಎಂದಳು ಶಿವಲಿಂಗಮ್ಮ. "ಎಷ್ಟು ಚೆಂದಾಗಿ ಎತ್ತವ್ರೆ ನೋಡವ್ವ. ನನ್ ನೋವು ಮಾತ್ರ ಯಾಕೋ ಒಸೀನೂ ಇಳ್ದಿಲ್ಲ."