ಹದಿನೆಂಟು ಮೀಟರಿನ ಕೇಬಲ್

ಯಲ್ಲಾಪುರದ ಮುಕ್ತಾರ್ ಹಗ್ಗ ಬಿಗಿದ ಲೋಡು ಯಾವ ಘಟ್ಟದಲ್ಲೂ ಅಲುಗಾಡಿದ್ದಿಲ್ಲ. ಮೂವತ್ತು ವರ್ಷ ಲಾರಿ ಓಡಿಸಿದ ಮನುಷ್ಯ. ಮೊದಲು ಕಾಡಿನ ಮರದ ನಾಟಾ, ಆಮೇಲೆ ಅಡಿಕೆ. ಡಿಪೋದಲ್ಲಿ ಉಳಿದವರು ಇಬ್ಬಿಬ್ಬರು ಸೇರಿ ಹಗ್ಗ ಜಗ್ಗುವಾಗ ಈತ ಒಬ್ಬನೇ ಅಂಗೈಗೆ ಎರಡು ಸುತ್ತು ಸುತ್ತಿಕೊಂಡು, ಟೈರಿಗೆ ಕಾಲು ಒತ್ತಿ, ಒಂದೇ ಸಲ ಜಗ್ಗುತ್ತಿದ್ದ. ಅವನು ಹಾಕಿದ ಗಂಟು ಬಿಚ್ಚಲು ಅವನೇ ಬರಬೇಕಿತ್ತು. ಓದಿಲ್ಲ, ಬರೆದಿಲ್ಲ, ಈ ಒಂದು ವಿಷಯದಲ್ಲಿ ಸ್ವಲ್ಪ ಜಂಬ ಕೊಚ್ಚಿಕೊಂಡರೆ ಯಾರಪ್ಪನ ಗಂಟು ಹೋಗುತ್ತದೆ?

ಮಗ ಮಾಜ್‌ಗೆ ಲಾರಿಯ ಗಾಳಿಯೇ ಸೋಕಿರಲಿಲ್ಲ. ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದ. ಉಳಿದ ಹೊತ್ತೆಲ್ಲ ಸಿನಿಮಾ, ಗೇಮು. ಲಾರಿ ನಿಲ್ಲಿಸುವ ಶೆಡ್ಡಿನ ಮೇಲೆ ಮುಕ್ತಾರ್ ಒಂದು ಉದ್ದನೆಯ ಕೋಣೆ ಕಟ್ಟಿಸಿದಾಗ, "ಇದು ನಂದು, ಸಾಮಿಯಾಂದು" ಎಂದು ಅಡ್ಡ ಕೂತುಬಿಟ್ಟ. ಸಾಮಿಯಾ ಅವನ ತಂಗಿ, ಆರು ವರ್ಷಕ್ಕೆ ಚಿಕ್ಕವಳು. ಗೇಮಿನಲ್ಲಿ ಅಣ್ಣನನ್ನು ಸೋಲಿಸಿ ಓಣಿಗೆಲ್ಲ ಕೇಳುವಂತೆ ಕಿರುಚುವವಳು. ಮಾಜ್ ಮುಂದಿನ ಗೋಡೆಗೆ ಬಿಳಿ ಬಣ್ಣ ಬಳಿದ, ಅದರ ಕೆಳಗೆ ಗೇಮಿನ ಪೆಟ್ಟಿಗೆ ಇಟ್ಟ, ಹಿಂದಿನ ತುದಿಯ ತೊಲೆಗೆ ಪ್ರೊಜೆಕ್ಟರ್ ತೂಗುಹಾಕಿದ. ಪೆಟ್ಟಿಗೆಯಿಂದ ಗೋಡೆ ಹತ್ತಿ, ತೊಲೆ ಬಳಸಿ ಪ್ರೊಜೆಕ್ಟರ್ ಮುಟ್ಟಲು ಹದಿನೆಂಟು ಮೀಟರು. ಸಿಮೆಂಟು ಮೆತ್ತಿ ಗಿಲಾಯಿ ಮಾಡುವ ಮೊದಲೇ ಗೋಡೆಯಲ್ಲಿ ಪೈಪು ಹುದುಗಿಸಿ, ಒಳಗೊಂದು ಹಳದಿ ದಾರ ಬಿಟ್ಟಿದ್ದ. ಕೇಬಲ್ ಬಂದ ದಿನ ಅದನ್ನು ದಾರದ ಒಂದು ತುದಿಗೆ ಕಟ್ಟಿ ಇನ್ನೊಂದು ತುದಿಯಿಂದ ಎಳೆಯುವುದು. ವೈರಿಂಗಿನವರೆಲ್ಲ ಮಾಡುವುದೇ ಹೀಗೆ.

ಕೇಬಲ್ ತರುವ ಕೆಲಸ ಮುಕ್ತಾರ್ ಪಾಲಿಗೆ ಬಂತು. ಹುಬ್ಬಳ್ಳಿಗೆ ಲೋಡು ಒಯ್ಯುತ್ತಿದ್ದವನಿಗೆ ಮಗ ಹೇಳಿದ್ದೇ ಹೇಳಿದ್ದು: "ಅಬ್ಬಾ, ಒಳಗೆ ಗಾಜಿನ ಎಳೆ ಇರ್ತದೆ ನೋಡಿ, ಅದೇ ಬೇಕು. ತಾಮ್ರದ್ದು ಅಷ್ಟು ದೂರ ನಡೆಯೂದಿಲ್ಲ."

ಅಂಗಡಿಯವನು ಎರಡನ್ನೂ ಮುಂದಿಟ್ಟ. "ನೋಡ್ರಿ, ಯಾವುದು ಬೇಕೋ ತಗೋರಿ." ಗಾಜಿನದು ಬೂಟಿನ ಲೇಸಿನಷ್ಟು ಸಣ್ಣ, ಬೆಲೆ ಐದು ಪಟ್ಟು. ತಾಮ್ರದ್ದು ಕಿರುಬೆರಳಿನ ದಪ್ಪ. ಮುಕ್ತಾರ್ ಎರಡನ್ನೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿದ. ಜೀವಮಾನವಿಡೀ ದಪ್ಪ ನೋಡಿಯೇ ಹಗ್ಗ ಆರಿಸಿದವನಿಗೆ ಇನ್ನೇನು ಹೊಳೆಯಬೇಕು ಹೇಳಿ! ಹುಡುಗನಿಗೆ ಯಾರೋ ಟೋಪಿ ಹಾಕಿದ್ದಾರೆ ಅಂದುಕೊಂಡು ದಪ್ಪದ್ದನ್ನೇ ಹೊತ್ತು ತಂದ.

ಅದು ಪೈಪಿನೊಳಗೆ ತೂರಲೇ ಇಲ್ಲ. ನೆಲದ ಮೇಲೆ ಹಾಸಿ ಜೋಡಿಸಿದರೆ ಚಿತ್ರ ಮಿಣಮಿಣ ಅಂದು, ಚುಕ್ಕಿ ಚುಕ್ಕಿಯಾಗಿ, ಕಪ್ಪಾಯಿತು. ಸಾಮಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಬ್ಬಾ ಲಾರಿಗೆ ಕಟ್ಟೋ ಹಗ್ಗ ತಂದಿದ್ದಾರೆ!" ಮುಕ್ತಾರ್ ಮುಖ ಗಂಟುಹಾಕಿಕೊಂಡು ಕೆಳಗಿಳಿದು, ಕೈಕಾಲು ತೊಳೆದು ಬರುವಷ್ಟರಲ್ಲಿ ಮಾಜ್ ಕೇಬಲನ್ನು ಸುತ್ತಿ ಬ್ಯಾಗಿಗೆ ಹಾಕಿದ್ದ.

"ಹೋಗಿ ಬದಲಿಸ್ಕೊಂಡು ಬರ್ತೇನೆ ಅಬ್ಬಾ. ಸಂಜೆಗೆ ಬಂದ್ಬಿಡ್ತೇನೆ."

ಹುಬ್ಬಳ್ಳಿಯ ದಾರಿಯಲ್ಲಿ, ಕಿರವತ್ತಿಯ ಆಚೆ ಅವನ ಬೈಕಿಗೆ ಲಾರಿಯೊಂದು ಎದುರಾಯಿತು. ಪೊಲೀಸರು ಬ್ಯಾಗು ತಂದುಕೊಟ್ಟಾಗ ಕೇಬಲಿನ ಮೇಲೆ ಒಂದು ಗೀರೂ ಇರಲಿಲ್ಲ. ಇಪ್ಪತ್ಮೂರು ವರ್ಷದ ಹುಡುಗ ಹೋದ, ದರಿದ್ರದ ವೈರು ಉಳಿಯಿತು.

ಮುಕ್ತಾರ್ ಹುಬ್ಬಳ್ಳಿಯ ಕಡೆಗೆ ಲಾರಿ ತಿರುಗಿಸುವುದನ್ನೇ ಬಿಟ್ಟ. ವಾನಳ್ಳಿ, ಹೆಗಡೆಕಟ್ಟಾ ಕಡೆಯ ಅಡಿಕೆಯನ್ನು ಶಿರಸಿಗೆ ಸಾಗಿಸುವುದಕ್ಕೆ ನಿಂತ. ಸಾಮಿಯಾ ಅಬ್ಬನ ಜೊತೆ ಮಾತು ಬಿಟ್ಟಳು. ಜಗಳವಿಲ್ಲ, ಸಿಟ್ಟಿನ ಮುಖವೂ ಇಲ್ಲ. ಚಹಾ ತಂದಿಡುತ್ತಾಳೆ, ಹೋಗುತ್ತಾಳೆ. ಏನಾದರೂ ಕೇಳಿದರೆ ಅಮ್ಮಿಯ ಕಡೆ ತಿರುಗಿ ಉತ್ತರ ಹೇಳುತ್ತಾಳೆ. ಮೇಲಿನ ಕೋಣೆಯ ಮೆಟ್ಟಿಲನ್ನಂತೂ ತುಳಿದವಳೇ ಅಲ್ಲ. "ಹುಡುಗಿ, ಸರಿಹೋಗ್ತಾಳೆ, ಸುಮ್ನಿರಿ" ಎನ್ನುತ್ತಿದ್ದಳು ಹೆಂಡತಿ ಆಯಿಷಾ. ಮುಕ್ತಾರ್‌ಗೆ ಗೊತ್ತಿತ್ತು: ಅಣ್ಣನನ್ನು ಕೊಂದವನು ಅಬ್ಬನೇ ಎಂದು ಅವಳ ಮನಸ್ಸಿನಲ್ಲಿ ಕೂತಿದೆ. ತನ್ನ ಮನಸ್ಸಿನಲ್ಲೂ ಅದೇ ಕೂತಿರುವಾಗ ಅವಳಿಗೆ ಯಾವ ಬಾಯಿಂದ ಸಮಾಧಾನ ಹೇಳುವುದು?

ಒಂದು ವರ್ಷ ಹೀಗೇ ಕಳೆಯಿತು. ಆ ಕೋಣೆಯನ್ನು ತಾನೇ ಮುಗಿಸಬೇಕು ಎಂದು ಅವನಿಗೆ ಅನ್ನಿಸಿತು. ಗೋಡೆಯ ಮೇಲೆ ಚಿತ್ರ ಬಂದರೆ ಹುಡುಗಿ ಬಂದು ಕೂರಬಹುದು. ಕೂತವಳು ಒಂದು ಸಲವಾದರೂ 'ಅಬ್ಬಾ' ಅನ್ನಬಹುದು. ಅವನಿಗೆ ಬೇಕಾಗಿದ್ದು ಅಷ್ಟೇ.

ಶಿರಸಿಯಲ್ಲಿ ಟೀವಿ ಅಂಗಡಿ ಇಟ್ಟುಕೊಂಡ ಮನೋಹರ ಪರಿಚಯದವನು. "ಎಂತ ಸಾಬ್ರೆ, ಹದಿನೆಂಟು ಮೀಟರಾ? ಹಾಗಾದ್ರೆ ಗಾಜಿನದೇ ಆಗ್ಬೇಕು" ಎಂದು ಹಳೆಯ ಮಾತನ್ನೇ ಹೇಳಿದ. "ಇದರ ತುದಿ ಅದಲುಬದಲು ಮಾಡ್ಲಿಕ್ಕಿಲ್ಲ. ಇದು ಪೆಟ್ಟಿಗೆಗೆ, ಇದು ಪ್ರೊಜೆಕ್ಟರಿಗೆ. ಮಡಚಬೇಡಿ. ಜಗ್ಗಲೇಬೇಡಿ ಮಾರಾಯ್ರೆ! ಸಿಕ್ಕಿಬಿದ್ರೆ ಹಿಂದಕ್ಕೆ ಬಿಟ್ಟು, ಮತ್ತೆ ನಿಧಾನ ತಗೊಳ್ಳಿ."

ಮುಕ್ತಾರ್ ಅದನ್ನೇ ಎರಡು ಸಲ ಹೇಳಿಸಿಕೊಂಡ.

"ಮನೇಲಿ ಆಡೋರು ಯಾರು?"

"ಮಕ್ಕಳು" ಎಂದ. ಇಬ್ಬರಿದ್ದಾಗಿನ ರೂಢಿ, ಬಾಯಿಗೆ ಹಾಗೇ ಬಂತು. ಹೊರಗೆ ಬಂದು ಲಾರಿಯಲ್ಲಿ ಕೂತು ಸ್ವಲ್ಪ ಹೊತ್ತು ಅತ್ತ. ಆಮೇಲೆ ಊರು ಮುಟ್ಟುವ ತನಕ "ಮಡಚಬಾರದು, ಜಗ್ಗಬಾರದು" ಎಂದು ಗುನುಗುತ್ತ ಬಂದ.

ಭಾನುವಾರ ಮಧ್ಯಾಹ್ನ ಆಯಿಷಾ ಮಗಳನ್ನು ಬಲವಂತದಿಂದ ಮೇಲೆ ಕಳಿಸಿದಳು. "ಹೋಗೇ, ಒಬ್ಬರಿಂದ ಆಗೋ ಕೆಲಸ ಅಲ್ಲ ಅದು. ಆ ತುದಿ ಹಿಡ್ಕೋ." ಸಾಮಿಯಾ ಬಂದಳು. ಮುಕ್ತಾರ್ ಹಳದಿ ದಾರಕ್ಕೆ ಕೇಬಲ್ ಕಟ್ಟಿದ. ಕೈಗೆ ಬಂದದ್ದು ಅದೇ ಲಾರಿಯ ಗಂಟು. ಮಗಳು ಪೆಟ್ಟಿಗೆಯ ಹತ್ತಿರ ಕೂತು ಕೇಬಲ್ ಬಿಡುತ್ತ ಹೋದಳು. ಅವನು ಹಿಂದಿನ ತುದಿಯಲ್ಲಿ ಸ್ಟೂಲು ಹತ್ತಿ ಎಳೆಯುತ್ತ ಹೋದ. ದಾರ ಮೆಲ್ಲಗೆ ಹೊರಗೆ ಬರುತ್ತಿತ್ತು, ಮಾಜ್‌ನ ಕೈಯ ಸಿಮೆಂಟಿನ ಕಲೆ ಅಲ್ಲಲ್ಲಿ ಇನ್ನೂ ಅಂಟಿಕೊಂಡಿತ್ತು. ಅದನ್ನು ನೋಡಿದ್ದೇ ಅವನ ಕಣ್ಣು ಮಂಜಾಯಿತು.

ತೊಲೆಯ ತಿರುವಿನಲ್ಲಿ ಕೇಬಲ್ ನಿಂತಿತು. ಹಿಂದಕ್ಕೆ ಬಿಡಬೇಕಿತ್ತು, ಹಾಗೆ ಹೇಳಬೇಕಾದರೆ ಮಗಳನ್ನು ಮಾತಾಡಿಸಬೇಕಿತ್ತು. ಅವಳು ಉತ್ತರ ಕೊಡದಿದ್ದರೆ? ಇನ್ನೇನು ಮೂರು ಮೀಟರು. ತಲೆ ಬೇಡ ಅನ್ನುವಷ್ಟರಲ್ಲಿ ಕೈ ದಾರವನ್ನು ಎರಡು ಸುತ್ತು ಸುತ್ತಿಕೊಂಡಿತ್ತು, ಕಾಲು ಗೋಡೆಗೆ ಒತ್ತಿತ್ತು. ಒಂದೇ ಸಲ ಜಗ್ಗಿದ. ಕೇಬಲ್ ಸರ್ರನೆ ಬಂತು. ಗಂಟು ಒಂದಿಷ್ಟೂ ಸಡಿಲಾಗಿರಲಿಲ್ಲ, ಅಯ್ಯೋ, ಅದನ್ನು ನೋಡಿ ಅವನಿಗೆ ಖುಷಿಯೂ ಆಯಿತು.

ಗಂಟು ಬಿಚ್ಚಿ, ಎರಡೂ ತುದಿ ಸಿಕ್ಕಿಸಿ ಸ್ವಿಚ್ ಹಾಕಿದರೆ ಗೋಡೆ ಬರೀ ನೀಲಿ. ಸಿಗ್ನಲ್ ಇಲ್ಲ. ತುದಿಗಳನ್ನು ನೋಡಿದ, ಸರಿಯಾಗಿಯೇ ಇವೆ. ತೆಗೆದು ಹಾಕಿದ, ಮತ್ತೆ ತೆಗೆದು ಹಾಕಿದ. ಒಳಗಿನ ಗಾಜು ತುಂಡಾಗಿದೆ ಎಂದು ಆಮೇಲೆ ಅರ್ಥವಾಯಿತು. ಒಂದು ವೈರು ತರಲಿಕ್ಕೂ ಬಾರದ, ಎಳೆಯಲಿಕ್ಕೂ ಬಾರದ ಅಪ್ಪ! ಮಗಳ ಕಡೆ ನೋಡುವ ಧೈರ್ಯವಾಗದೆ, ಕಿಸೆಯಿಂದ ಲಾರಿಯ ಕೀಲಿ ತೆಗೆದು ಮೆಟ್ಟಿಲ ಕಡೆ ನಡೆದ.

"ಹೋಗಿ ಬದಲಿಸ್ಕೊಂಡು ಬರ್ತೇನೆ. ಸಂಜೆಗೆ ಬಂದ್ಬಿಡ್ತೇನೆ."

ಆ ಮಾತು ಯಾರದೆಂದು ಅವನಿಗೆ ಹೊಳೆಯಲಿಲ್ಲ. ಸಾಮಿಯಾ ಓಡಿಬಂದು ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಬೇಡ ಅಬ್ಬಾ! ಹೋಗ್ಬೇಡಿ!"

ಮುಕ್ತಾರ್ ಅಲ್ಲೇ ನಿಂತ.

"ಅವತ್ತು ಭಾಯಿ ನಾಳೆ ಹೋಗ್ತೇನೆ ಅಂದಿದ್ದ. ನೀವು ಕೆಳಗೆ ಇದ್ರಿ. ನಾನೇ ಇವತ್ತೇ ಹೋಗು ಅಂತ ಹಟ ಮಾಡಿದ್ದು. ನಾನೇ ಕಳ್ಸಿದ್ದು ಅಬ್ಬಾ." ಹುಡುಗಿ ಬಿಕ್ಕುತ್ತಿದ್ದಳು. "ನಿಮ್ಮ ಮುಖ ನೋಡ್ಲಿಕ್ಕೆ ಆಗ್ತಿರ್ಲಿಲ್ಲ ನನಗೆ."

ಮುಕ್ತಾರ್ ಮೆಟ್ಟಿಲ ಮೇಲೆ ಕೂತ. ಅವಳೂ ಅವನ ಪಕ್ಕ ಕೂತಳು. ಅಂಗೈಗೆ ಸುತ್ತಿಕೊಂಡ ಹಳದಿ ದಾರವನ್ನು ಅವನು ಇನ್ನೂ ಬಿಚ್ಚಿರಲಿಲ್ಲ.

"ಅವನು ಬೈಕ್ ಹತ್ತುವಾಗ ನಾನೂ ಬೇಡ ಅನ್ಲಿಲ್ಲ, ಬೇಟಿ" ಎಂದು, ಲಾರಿಯ ಕೀಲಿಯನ್ನು ಅವಳ ಕೈಗೆ ಕೊಟ್ಟ.