ಬಿಡ್ತು ಅನ್ನದ ಸೊಸೆ

ಎಪ್ಪತ್ತು ದಾಟಿದ ಟೈಲರಮ್ಮನಿಗೆ ಅರೆಬರೆ ಮಾತು ಕಂಡರೆ ಆಗುತ್ತಿರಲಿಲ್ಲ. ಗಂಡ ಬೇಗ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡು, ಶಾಲೆ ಮಕ್ಕಳ ಸಮವಸ್ತ್ರ ಹೊಲಿದು, ಮಗನನ್ನೂ ಮಗಳನ್ನೂ ದಡ ಮುಟ್ಟಿಸಿದವಳು. ಗಿರಾಕಿ "ಸ್ವಲ್ಪ ಸಡಿಲ ಇರಲಿ" ಎಂದರೆ, "ಎಷ್ಟು ಬೆರಳು?" ಎಂದು ಕೇಳದೆ ಕತ್ತರಿ ಮುಟ್ಟುತ್ತಿರಲಿಲ್ಲ.

ಅಂಥವಳು ತನ್ನ ಅಕ್ಕನ ಕೊನೆಗಾಲ ನೋಡಿ ಬಂದಳು. ಅಕ್ಕ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ, ಮೈತುಂಬ ನಳಿಗೆ ಸಿಕ್ಕಿಸಿಕೊಂಡು ವಾರಗಟ್ಟಲೆ ಮಲಗಿದ್ದಳು. ಮುಂದೇನು ಮಾಡೋಣ ಎಂದು ವೈದ್ಯರು ಕೇಳಿದರೆ ದೊಡ್ಡ ಮಗ ಚಿಕ್ಕವನತ್ತ ಕೈ ತೋರಿಸಿದ, ಚಿಕ್ಕವನು ಸೋದರಿ ಬರಲಿ ಎಂದ, ಬಂದ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಪ್ರೀತಿ ಆ ಪರಿ ಉಕ್ಕುತ್ತಿದ್ದಾಗ ನಿರ್ಧಾರ ಮಾಡಲು ಯಾರಿಗೆ ತಾನೇ ಪುರಸೊತ್ತು? ಕೊನೆಗೆ ಆ ತಾಯಿ ಯಾರ ಅಪ್ಪಣೆಗೂ ಕಾಯದೆ ಹೊರಟುಹೋದಳು.

ಮುಂದಿನ ಭಾನುವಾರ ಊಟ ಮುಗಿಯುತ್ತಲೇ ಟೈಲರಮ್ಮ ಮಕ್ಕಳನ್ನು ಕೂರಿಸಿಕೊಂಡಳು.

"ಮನೆ ಯಾರಿಗೆ ಅಂತ ಉಯಿಲು ಬರೆಸ್ತೀನಿ. ಅದಕ್ಕೂ ಮುಂಚೆ ಒಂದು ಹೇಳಿ. ನನಗೆ ಮಾತು ನಿಂತುಹೋದ್ರೆ ಆಸ್ಪತ್ರೇಲಿ ನನ್ನ ಪರವಾಗಿ ಯಾರು ಮಾತಾಡ್ತೀರಿ?"

"ಬಿಡ್ತು ಅನ್ನಮ್ಮ!" ಮಗಳು ಕಣ್ಣೀರು ತಂದುಕೊಂಡಳು.

"ಇದೆಲ್ಲ ಈಗ್ಯಾಕಮ್ಮ? ನೀನು ನೂರು ವರ್ಷ ಇರ್ತೀಯ," ಎಂದ ಮಗ, ಫ್ಯಾನು ನೋಡುತ್ತ.

"ನೂರನೇ ವರ್ಷ ಏನ್ಮಾಡ್ತೀಯ ಅಂತಲೇ ಕೇಳ್ತಿರೋದು."

ಮಗಳು ಕಣ್ಣೊರೆಸಿಕೊಂಡು, ಮುಂದಿನ ಕೋಣೆ ಎಷ್ಟು ಅಡಿ ಅಗಲ ಎಂದು ವಿಚಾರಿಸಿದಳು. ಉಯಿಲಿನ ಮಾತು ಮಾತ್ರ ಯಾರ ಕಿವಿಗೂ ಅಪಶಕುನವಾಗಿ ಕೇಳಿಸಿರಲಿಲ್ಲ.

ಅಡುಗೆಮನೆ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಸೊಸೆ ಬಾಯಿ ಹಾಕಿದಳು. "ಅತ್ತೆ, ನಳಿಗೆ ಬೇಕೋ ಬೇಡವೋ, ಯಾವಾಗ ಬೇಕು, ಯಾವಾಗ ಬೇಡ, ಬಿಡಿಸಿ ಹೇಳಿ. ಆಮೇಲೆ ನನ್ನ ತಲೆಗೆ ಕಟ್ಟಬೇಡಿ."

ಮಗ, ಮಗಳು ಬೆಚ್ಚಿಬಿದ್ದರು. ಅತ್ತೆ ಸೊಸೆಗೆ ಇಷ್ಟು ವರ್ಷದಲ್ಲಿ ಉಪ್ಪಿನಿಂದ ಹಿಡಿದು ಕಿಟಕಿ ಪರದೆವರೆಗೆ ಯಾವುದರಲ್ಲೂ ಒಮ್ಮತವಿರಲಿಲ್ಲ. ಟೈಲರಮ್ಮ ಅವತ್ತು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎಷ್ಟು ಬೆರಳು ಸಡಿಲ ಎಂದು ಕೇಳುವವಳು ಮನೆಯಲ್ಲೇ ಇದ್ದಳು!

ಆಮೇಲೆ ಸಂಜೆ ಹೊತ್ತು ಇಬ್ಬರೂ ಕೂತು ಮಾತಾಡಿದರು.

"ಎದ್ದು ಬರೋ ಆಸೆ ಇದ್ರೆ ಏನು ಬೇಕಾದ್ರೂ ಮಾಡಿಸು. ಇನ್ನು ಏಳಲ್ಲ, ಯಾರ ಗುರುತೂ ಸಿಗಲ್ಲ, ಸುಮ್ನೆ ಉಸಿರು ಎಳೀತಿರ್ತಾಳೆ ಅಂದ್ರೆ ಬೇಡ."

"ಕಾಲು ಬಿದ್ದುಹೋಗಿ ಗಾಲಿಕುರ್ಚೀಲಿ ಇರಬೇಕಾದ್ರೆ?"

"ಇರ್ತೀನಿ. ಇಷ್ಟು ದಿನ ನಿಂತ್ಕೊಂಡು ಹೊಲಿದಿದ್ನಾ?"

ಟೈಲರಮ್ಮನ ಪರವಾಗಿ ಮಾತಾಡುವವಳು ಸೊಸೆ ಎಂದೂ ಸೇರಿಸಿ ಅದನ್ನೇ ವಕೀಲೆಯ ಬಳಿ ಬರೆಸಿ, ಪಕ್ಕದ ಮನೆಯವರ ಸಾಕ್ಷಿ ಹಾಕಿಸಿದರು. ಹೆತ್ತ ಮಕ್ಕಳಿರುವಾಗ ಸೊಸೆಯೇಕೆ ಎಂದು ವಕೀಲೆ ಕೇಳಿದಳು.

"ಅವರಿಬ್ಬರಿಗೂ ನನ್ನ ಮೇಲೆ ವಿಪರೀತ ಪ್ರೀತಿ," ಎಂದಳು ಟೈಲರಮ್ಮ. "ಅದಕ್ಕೇ."

ಚಳಿಗಾಲದಲ್ಲಿ ಅವಳ ಶ್ವಾಸಕೋಶಕ್ಕೆ ಸೋಂಕು ತಗುಲಿತು. ಆಸ್ಪತ್ರೆ ಸೇರುವ ಹೊತ್ತಿಗೆ ಮೈಮೇಲೆ ಪ್ರಜ್ಞೆಯಿರಲಿಲ್ಲ. ಉಸಿರಾಟದ ಯಂತ್ರ ಹಾಕಬೇಕು ಎಂದರು ವೈದ್ಯರು.

"ಯಂತ್ರ ಬೇಡ ಅಂತ ಅಮ್ಮ ಬರೆಸಿದ್ದಾಳೆ," ಎಂದ ಮಗ ಗಂಭೀರವಾಗಿ. ಆ ಪತ್ರ ಓದುವ ಶ್ರಮವನ್ನು ಅವನು ತೆಗೆದುಕೊಂಡಿರಲಿಲ್ಲ.

"ಬರೆಸಿದ್ದು ಅಮ್ಮ ಅಲ್ಲ, ಇವಳು! ಅಮ್ಮ ಹೋಗೋದನ್ನೇ ಕಾಯ್ತಿದ್ದಾಳೆ!" ಮಗಳು ಕಾರಿಡಾರಿನಲ್ಲೇ ರಂಪ ತೆಗೆದಳು. ಅವಳೂ ಓದಿರಲಿಲ್ಲ. ಈ ಒಂದು ವಿಷಯದಲ್ಲಿ ಅಣ್ಣ ತಂಗಿಗೆ ಒಳ್ಳೆಯ ಹೊಂದಾಣಿಕೆ.

ಸೊಸೆ ಇಬ್ಬರನ್ನೂ ದಾಟಿ ವೈದ್ಯರ ಎದುರು ನಿಂತಳು. "ಡಾಕ್ಟ್ರೇ, ಇದು ವಾಸಿಯಾಗೋ ಕಾಯಿಲೇನಾ?"

"ಆಗೋ ಸಾಧ್ಯತೆ ಚೆನ್ನಾಗೇ ಇದೆ. ಕೆಲವು ದಿನ ಉಸಿರಿಗೆ ಆಸರೆ ಬೇಕು."

"ಹಾಗಾದ್ರೆ ಹಾಕಿ. ಇನ್ನು ಆಸೆ ಇಲ್ಲ ಅನ್ನಿಸಿದ ದಿನ ನನಗೆ ಮುಚ್ಚಿಡಬೇಡಿ." ದನಿ ಗಟ್ಟಿಯಾಗಿತ್ತು. ಅತ್ತೆಯ ಪತ್ರವನ್ನು ಇನ್ನೊಮ್ಮೆ ಓದಿಕೊಂಡು ಸಹಿ ಮಾಡಿದಳು.

"ಬೇಡ ಅಂತ ಬರೆದಿತ್ತಲ್ಲ?" ಎಂದ ಗಂಡ.

"ಓದಿದ್ರೆ ತಾನೇ ಗೊತ್ತಾಗೋದು!"

ಟೈಲರಮ್ಮ ಚೇತರಿಸಿಕೊಂಡಳು. ನೋಡಲು ಬಂದವರಿಗೆಲ್ಲ ಮಗ, "ನಾವೆಲ್ಲ ಸೇರಿ ಗಟ್ಟಿ ನಿರ್ಧಾರ ತಗೊಂಡ್ವಿ," ಎಂದು ಹೇಳಿಕೊಂಡ. ಮಗಳು ತಾನು ನಿದ್ದೆಗೆಟ್ಟ ಕಥೆ ಹೇಳಿದಳು.

ಅವರು ಹೋದ ಮೇಲೆ ಟೈಲರಮ್ಮ ಒಡಕು ದನಿಯಲ್ಲಿ ಕೇಳಿದಳು: "ಹೆದರಿದ್ಯಾ?"

"ಹೆದರಿದೆ. ನೀವು ಎದ್ದು ಬಂದು ಬೈತೀರ ಅಂತಲ್ಲ. ಬರದೇ ಹೋದ್ರೆ ಅಂತ."

ಅತ್ತೆ ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಇಬ್ಬರಿಗೂ ಅಭ್ಯಾಸವಿಲ್ಲದ ಕೆಲಸವಾದ್ದರಿಂದ ಸ್ವಲ್ಪ ಹೊತ್ತು ಎಲ್ಲಿ ನೋಡಬೇಕೆಂದು ತೋಚಲಿಲ್ಲ.

"ಮನೆಗೆ ಹೋದ ಕೂಡಲೇ ವಕೀಲೆಗೆ ಹೇಳಿ ಕಳಿಸು," ಎಂದಳು ಕೊನೆಗೆ. "ನಿಂದೂ ಒಂದು ಬರೆಸಿಬಿಡೋಣ. ನನ್ನ ಮಗನ್ನ ನಂಬ್ಕೊಂಡು ಕೂರಬೇಡ."